ತಿಂಡಿ ಆದ ಮೇಲೆ

ಹುಬ್ಬಳ್ಳಿಯ ಒಂದು ಔಷಧದ ಅಂಗಡಿಯಲ್ಲಿ ಕೌಂಟರಿನಲ್ಲಿ ನಿಲ್ಲುತ್ತೇನೆ. ನಾಲ್ಕು ತಿಂಗಳ ಹಿಂದೆ ಕುಂದಗೋಳದ ಕಡೆಯ ಆಯಿಯೊಬ್ಬರು ಚೀಟಿ ತಂದಿದ್ದರು. ಸಕ್ಕರೆ ಬ್ಯಾನಿಗೆ ಮೆಟ್‌ಫಾರ್ಮಿನ್, ಕಾಲಿನ ಗಜಕರ್ಣಕ್ಕೆ ಒಂದು ಮುಲಾಮು. ಗುಳಿಗಿಯ ಮುಂದೆ ಡಾಕ್ಟರು 1-0-1 ಎಂದು ಬರೆದಿದ್ದರು. ಆಯಿಗೆ ಓದಲು ಬರುವುದಿಲ್ಲ, ನಾನು ಬಾಯಲ್ಲಿ ಹೇಳಿದ್ದೇ ಅವರಿಗೆ ಚೀಟಿ. "ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು ತಗೊಳ್ಳಿ ಅಮ್ಮಾ" ಎಂದೆ. ತಲೆ ಆಡಿಸಿ ಹೋದರು.

ಹದಿನೈದು ದಿನಕ್ಕೆ ಮತ್ತೆ ಬಂದರು. ಸುಸ್ತು, ಎಷ್ಟು ನೀರು ಕುಡಿದರೂ ನೀರಡಿಕೆ. ಚೀಲದಿಂದ ತೆಗೆದ ಸ್ಟ್ರಿಪ್ಪಿನಲ್ಲಿ ಅರ್ಧ ಗುಳಿಗಿ ಹಾಗೇ ಇದ್ದವು. ರಾತ್ರಿಯದು ನುಂಗಿದ್ದಾರೆ, ಮುಂಜಾನೆಯದು ಒಂದೂ ಇಲ್ಲ. ಯಾಕೆಂದು ಕೇಳಿದೆ.

"ಮುಲಾಮ ಹಚ್ಚಿದ ಮ್ಯಾಲ ತಿಂಡೀನ ಆಗ್ಲಿಲ್ಲೋ ತಮ್ಮಾ. ತಿಂಡಿ ಆದ ಮ್ಯಾಲ ಅಂದಿದ್ದಿ, ಅದಕ್ಕ ನುಂಗ್ಲಿಲ್ಲ."

ನಮ್ಮ ಕಡೆ ತಿಂಡಿ ಅಂದರೆ ತುರಿಕೆ. ನನಗೆ ಗೊತ್ತಿಲ್ಲದ ಮಾತೇನಲ್ಲ. ಲಕ್ಷ್ಮೇಶ್ವರದಲ್ಲಿ ಹುಟ್ಟಿದವನು ನಾನು, "ಯವ್ವಾ, ಬೆನ್ನ ತಿಂಡಿ ಆಗೇತಿ, ಒಂದೀಟ ಕೆರೀಬೇ" ಎಂದು ಅವ್ವನ ಮುಂದೆ ಬೆನ್ನು ಬಗ್ಗಿಸಿದವನು. ಆಯಿಯನ್ನು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಸಕ್ಕರೆ ಏರಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಈ "ತಿಂಡಿ" ನನ್ನ ಬಾಯಿಗೆ ಬಂದದ್ದು ಬೆಂಗಳೂರಿನಲ್ಲಿ. ಐದು ವರ್ಷ ಅಲ್ಲಿದ್ದೆ, ಒಂದೇ ಖೋಲಿಯಲ್ಲಿ ನಾಲ್ಕು ಜನ. ಮೊದಲ ವಾರ ಫೋನಿನಲ್ಲಿ ಅವ್ವನಿಗೆ "ಹೂಂಬೇ, ಉಂಡೆನಬೇ" ಅನ್ನುತ್ತಿದ್ದುದನ್ನು ಕೇಳಿ, "ತಾಯಿಗೆ ಬೇ ಅಂತೀಯಲ್ಲೋ?" ಎಂದರು. ಅವರ ಕಿವಿಗೆ ಅದು ಹಿಂದಿಯ ಒರಟು ಮಾತು. ನಮ್ಮಲ್ಲಿ ಅವ್ವನಿಗೆ, ಅವ್ವನಂಥವರಿಗೆ ಸಲಿಗೆಯಿಂದ ಅನ್ನುವ ಮಾತು. ತಿಳಿಸಿ ಹೇಳಬಹುದಿತ್ತು. ನಾನು "ಬೇ" ಅನ್ನುವುದನ್ನೇ ಬಿಟ್ಟೆ. ತಿಂಗಳು ಕಳೆಯುವುದರೊಳಗೆ ಅವ್ವ ಕೇಳಿದಳು, "ಯಾಕ, ಸಿಟ್ಟಾಗೀಯೇನ? ಯಾರೋ ಸಾಹೇಬ್ರ ಮಾತಾಡಿದಂಗ ಮಾತಾಡ್ತಿ." ಏನೂ ಇಲ್ಲ ಎಂದೆ. ಆಮೇಲೆ ಪಗಾರ ಸಂಬಳವಾಯಿತು, ಉಳ್ಳಾಗಡ್ಡಿ ಈರುಳ್ಳಿಯಾಯಿತು, ಮುಂಜಾನೆ ಬೆಳಿಗ್ಗೆಯಾಯಿತು. ಒಂದೊಂದೂ ಹೋಗುವಾಗ ಸಣ್ಣದೇ ಅನಿಸಿತ್ತು.

ನಮ್ಮ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಪುಲಿಗೆರೆಯ ಹೆಸರನ್ನೂ ಹೇಳುತ್ತದೆ. ಪಂಪನೂ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದ. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು ಇದನ್ನು ಹೇಳುವಾಗ ಎದೆ ಉಬ್ಬಿತ್ತು. ಬೆಂಗಳೂರಿನ ಆ ಖೋಲಿಯಲ್ಲಿ ಒಂದು ಸಲವೂ ಬಾಯಿ ಬಿಡಲಿಲ್ಲ. ಆದರೂ ಈಗ ನನ್ನನ್ನು ಕಾಡುವುದು ಪುಲಿಗೆರೆಯಲ್ಲ, ಆಯಿಯ ಕೈಯಲ್ಲಿದ್ದ ಆ ಸ್ಟ್ರಿಪ್ಪು.

ಈಗ ಮೊದಲು ಕೇಳುತ್ತೇನೆ, "ಮುಂಜಾನೆ ರೊಟ್ಟಿ ಎಷ್ಟಕ್ಕ ತಿಂತೀರಿ?" ಕೇಳಿದ ಮೇಲೆ ಗೊತ್ತಾಗಿದ್ದೇನೆಂದರೆ, ಹೊಲಕ್ಕೆ ಹೋಗುವ ಎಷ್ಟೋ ಜನ ಎದ್ದ ಕೂಡಲೇ ಬರೀ ಚಾ ಕುಡಿದು ಹೊರಡುತ್ತಾರೆ, ಬುತ್ತಿ ಬಿಚ್ಚುವುದು ಹತ್ತು ಹನ್ನೊಂದಕ್ಕೆ. ಬರೀ "ಮುಂಜಾನೆ ಒಂದು" ಎಂದರೆ ಚಾದ ಜೊತೆಗೇ ನುಂಗುತ್ತಾರೆ. ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ಹೋದರೆ ವಾಕರಿಕೆ, ಭೇದಿ. ಆಗ ಗುಳಿಗಿಯೇ ಕೆಟ್ಟದ್ದು ಎಂದು ಬಿಟ್ಟುಬಿಡುತ್ತಾರೆ. ಅದಕ್ಕೆ "ಬುತ್ತಿ ಕಟ್ಟೂಮುಂದ ಗುಳಿಗೀನೂ ಕಟ್ಕೋರಿ, ರೊಟ್ಟಿ ತಿಂದು ನುಂಗ್ರಿ" ಅನ್ನುತ್ತೇನೆ. ಮೊದಲ ಒಂದು ವಾರ ನನ್ನ ಮಾತೇ ನನಗೆ ನಾಟಕದ ಮಾತಿನ ಹಾಗೆ ಕೇಳಿಸಿತು. ಅದರಿಂದ ಬಹಳ ನೋವಾಯಿತು. ಅವ್ವನಿಗೆ "ಬೇ" ಅನ್ನಲು ಇನ್ನೂ ನಾಲಿಗೆ ಒಂದು ಗಳಿಗೆ ತಡೆಯುತ್ತದೆ.

ಮೊನ್ನೆ ಅಂಗಡಿಗೆ ಅರಸೀಕೆರೆ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ. ಒಳ್ಳೆಯ ಹುಡುಗ, ಮೆತ್ತಗೆ ಮಾತಾಡುತ್ತಾನೆ. ನಿನ್ನೆ ನವಲಗುಂದದ ರೈತರೊಬ್ಬರಿಗೆ ಗುಳಿಗಿ ಕೊಟ್ಟು, "ತಿಂಡಿ ಆದ್ಮೇಲೆ ತಗೊಳ್ಳಿ ಸರ್" ಎಂದ. ಅವರು ಆಗಲೇ ಮೆಟ್ಟಿಲು ಇಳಿದಿದ್ದರು. ಕೈಯಲ್ಲಿದ್ದ ಡಬ್ಬಿ ಅಲ್ಲೇ ಇಟ್ಟು ರಸ್ತೆಗೆ ಓಡಿದೆ.

"ಕಾಕಾರ, ಒಂದ್ ನಿಮಿಷ ನಿಂದರ್ರಿ. ಮುಂಜಾನೆ ಎಷ್ಟಕ್ಕ ಉಣ್ತೀರಿ?"