ಒಂದೇ ಲಿಸ್ಟ್, ಮೂರು ಮೀಟರ್

18 ಜುಲೈ 2024, ಗುರುವಾರ ರಾತ್ರಿ

ಸಾಗರದ ಕಡೆ ಮಳೆ ಬಿಡುತ್ತಿಲ್ಲ ಅಂತ ಅಮ್ಮ ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. ಮಂಡಿ ನೋವು ಮತ್ತೆ ಜಾಸ್ತಿಯಾಗಿದೆ. ಅಂಗಳಕ್ಕೆ ಇಳಿಯಲು ಆಗುತ್ತಿಲ್ಲವಂತೆ. ಅದೇ ಯೋಚನೆಯಲ್ಲಿ ಆಫೀಸಿಗೆ ಹೋದೆ. ಸಂಜೆ ಹೊತ್ತಿಗೆ ಯೋಚನೆ ಎರಡಾಗಿತ್ತು. ಎರಡನೆಯದು ಒಂದು ಸಂಖ್ಯೆ, 192.

ಕರೆಂಟ್ ಮೀಟರ್ 15 ನಿಮಿಷಕ್ಕೊಂದು ರೀಡಿಂಗ್ ಇಟ್ಟುಕೊಳ್ಳುತ್ತದೆ. ದಿನಕ್ಕೆ 96. ಈ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. 16 ವರ್ಷದಿಂದ ಮೀಟರ್ ಒಳಗಿನ ಚಿಪ್‌ಗೆ ಸಿ ಭಾಷೆಯಲ್ಲಿ ಕೋಡ್ ಬರೆಯುವುದೇ ನನ್ನ ಕೆಲಸ. ಈಗ ಟೆಸ್ಟಿಂಗ್ ಎಲ್ಲ ಪೈಥಾನ್‌ನಲ್ಲಿ ಆಗಬೇಕು ಅಂತಾಗಿದೆ. ಮೂರು ವಾರದಿಂದ ಕಲಿಯುತ್ತಿದ್ದೇನೆ. ಇವತ್ತು ಬರೆದದ್ದು ಸಣ್ಣ ಫಂಕ್ಷನ್. ಮೀಟರ್ ನಂಬರ್ ಕೊಟ್ಟರೆ ಆ ದಿನದ ರೀಡಿಂಗ್ ಎಲ್ಲ ಓದಿ, ಲಿಸ್ಟಿಗೆ ಸೇರಿಸಿ, ಲಿಸ್ಟನ್ನು ವಾಪಸ್ ಕೊಡಬೇಕು. ಮೊದಲ ಮೀಟರ್‌ಗೆ 96 ಬಂತು. ಎರಡನೆಯದಕ್ಕೆ 192. ಮೂರನೆಯದಕ್ಕೆ 288.

ಮೀಟರ್ ಮೇಲೆ ಅನುಮಾನ ಬಂತು. ಕೇಬಲ್ ಬದಲಾಯಿಸಿದೆ. ಬಫರ್ ಖಾಲಿ ಮಾಡಿ ನೋಡಿದೆ. ಎರಡು ಗಂಟೆ ಹೋಯಿತು. ಕೊನೆಗೆ ಮೊದಲ ಮೀಟರ್‌ನ ಲಿಸ್ಟನ್ನೇ ಮತ್ತೆ ತೆರೆದೆ. ಅದರಲ್ಲೂ 288! ಆಗಲೇ 96 ಎಂದು ತೋರಿಸಿದ್ದ ಲಿಸ್ಟ್, ನಾನು ಮುಟ್ಟದೆಯೇ ಬೆಳೆದಿತ್ತು. ಎದೆ ಧಸಕ್ಕೆಂದಿತು.

ಬಸ್ಸಿನಲ್ಲಿ ಕೂತು ಪುಟ್ಟಿಗೆ ಫೋನ್ ಮಾಡಿದೆ. ಅಕ್ಕನ ಮಗಳು, ಬಿಸಿಎ ಎರಡನೇ ವರ್ಷ. ಅವಳು ಕಲಿತ ಮೊದಲ ಭಾಷೆಯೇ ಪೈಥಾನ್.

“ಚಿಕ್ಕಿ, ಆ ಡೆಫ್ ಸಾಲು ಓದಿ ಹೇಳು.”

ಓದಿದೆ. ಫಂಕ್ಷನ್‌ಗೆ ಹೆಸರಿಟ್ಟು, ಅದಕ್ಕೆ ಏನೇನು ಕೊಡಬೇಕು ಅಂತ ಹೇಳುವ ಸಾಲು ಅದು. ಮೊದಲು ಮೀಟರ್ ನಂಬರ್. ಆಮೇಲೆ ರೀಡಿಂಗ್ಸ್, ಅದಕ್ಕೆ ಡಿಫಾಲ್ಟ್ ಆಗಿ ಒಂದು ಖಾಲಿ ಲಿಸ್ಟ್.

“ಅಲ್ಲೇ ಇದೆ.”

“ಏನಿದೆ? ನಾನು ಲಿಸ್ಟ್ ಕೊಡದಿದ್ರೆ ಖಾಲಿಯದು ತಗೋ ಅಂದಿದೀನಿ. ಅಷ್ಟೇ ಅಲ್ವಾ?”

“ಮೊದಲನೇ ಸಲ ಮಾತ್ರ ಖಾಲಿ. ಆ ಲಿಸ್ಟ್ ಹುಟ್ಟೋದು ಒಂದೇ ಸಲ. ನೀನು ಫಂಕ್ಷನ್ ಕರೆದಾಗ ಅಲ್ಲ. ಡೆಫ್ ಸಾಲು ಓಡ್ತಲ್ಲ, ಆವಾಗ.”

ಡೆಫ್ ಸಾಲು ಓಡುವುದು. ಈ ಮಾತು ನನಗೆ ಎಷ್ಟು ಹೊಸದು ಅಂತ ಪುಟ್ಟಿಗೆ ಗೊತ್ತಾಗಲಿಲ್ಲ. ನಾನು ಬಲ್ಲ ಭಾಷೆಯಲ್ಲಿ ಫಂಕ್ಷನ್ ಓಡುವುದು ಕರೆದಾಗ ಮಾತ್ರ. ಅದನ್ನು ಕಂಪೈಲರ್, ಅಂದರೆ ನಮ್ಮ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಮೊದಲೇ ಕಟ್ಟಿ ಇಟ್ಟಿರುತ್ತದೆ. ಪ್ರೋಗ್ರಾಂ ಶುರುವಾಗುವ ಹೊತ್ತಿಗೆ ಫಂಕ್ಷನ್ ಇದ್ದೇ ಇರುತ್ತದೆ, ಮನೆಯಲ್ಲಿ ಒಲೆ ಇದ್ದ ಹಾಗೆ. ಪೈಥಾನ್‌ನಲ್ಲಿ ಡೆಫ್ ಅನ್ನುವುದೂ ಒಂದು ಕೆಲಸ. ಆ ಸಾಲಿಗೆ ಬಂದಾಗ ಫಂಕ್ಷನ್ ಒಂದು ವಸ್ತುವಾಗಿ ತಯಾರಾಗುತ್ತದೆ, ಅದಕ್ಕೊಂದು ಹೆಸರು ಅಂಟುತ್ತದೆ. ಡಿಫಾಲ್ಟ್ ಲಿಸ್ಟೂ ಆಗಲೇ ತಯಾರಾಗಿ ಆ ವಸ್ತುವಿನ ಜೊತೆ ಉಳಿಯುತ್ತದೆ.

ಮನೆಗೆ ಬಂದವಳು ಬ್ಯಾಗ್ ಇಟ್ಟು ಲ್ಯಾಪ್‌ಟಾಪ್ ತೆಗೆದೆ. ಪುಟ್ಟಿ ಹೇಳಿದ ಹಾಗೆ ಫಂಕ್ಷನ್ ಹೆಸರು, ಒಂದು ಚುಕ್ಕಿ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಹಾಕಿ ಡಿಫಾಲ್ಟ್ಸ್ ಅಂತ ಬರೆದು ಪ್ರಿಂಟ್ ಮಾಡಿದೆ. 288 ರೀಡಿಂಗೂ ಅಲ್ಲೇ ಕೂತಿದ್ದವು.

ಅದನ್ನು ನೋಡುತ್ತಿದ್ದಂತೆ ಹೊಳೆಯಿತು. ಇದು ನಮ್ಮ ಸ್ಟ್ಯಾಟಿಕ್! ಸಿ ಯಲ್ಲಿ ಫಂಕ್ಷನ್ ಒಳಗಿನ ವೇರಿಯೇಬಲ್‌ಗೆ ಸ್ಟ್ಯಾಟಿಕ್ ಅಂತ ಸೇರಿಸಿದರೆ ಅದಕ್ಕೆ ಮೊದಲ ಬೆಲೆ ಬೀಳುವುದು ಒಂದೇ ಸಲ. ಆಮೇಲೆ ಎಷ್ಟು ಸಲ ಕರೆದರೂ ಹಳೆಯದನ್ನು ಇಟ್ಟುಕೊಂಡಿರುತ್ತದೆ. ಮೀಟರ್ ಕೋಡಿನಲ್ಲಿ ನೂರಾರು ಕಡೆ ಹಾಗೆ ಬರೆದಿದ್ದೇನೆ. ಸಿ ಯಲ್ಲಿ ಡಿಫಾಲ್ಟ್ ಆರ್ಗ್ಯುಮೆಂಟ್ ಎಂಬುದೇ ಇಲ್ಲ, ಅದಕ್ಕೇ ಗುರುತು ಸಿಗಲಿಲ್ಲ. ತಕ್ಷಣ ಪುಟ್ಟಿಗೆ ಮತ್ತೆ ಫೋನ್ ಮಾಡಿದೆ. “ಸ್ಟ್ಯಾಟಿಕ್ ಅಂದ್ರೆ ಏನು ಚಿಕ್ಕಿ?” ಅಂದಳು. ಅರ್ಧ ಗಂಟೆ ಹೇಳಿದೆ. ಅವಳಿಗೆ ಹೇಳಿಕೊಡುವುದು ನನ್ನ ಹತ್ತಿರವೂ ಏನೋ ಇದೆಯಲ್ಲ ಅಂತ ಖುಷಿಯಾಯಿತು. ಸಿ ಬಂದದ್ದು 1972ರ ಸುಮಾರಿಗೆ, ಪೈಥಾನ್ ಹೊರಬಂದದ್ದು 1991ರಲ್ಲಿ. 19 ವರ್ಷದ ಅಂತರ. ನನಗೂ ಪುಟ್ಟಿಗೂ ಅಷ್ಟೇ.

ಸರಿ ಮಾಡುವುದು ಎರಡೇ ಸಾಲು. ಡಿಫಾಲ್ಟ್ ಜಾಗದಲ್ಲಿ ‘ನನ್’ (None, ಅಂದರೆ ಏನೂ ಇಲ್ಲ) ಹಾಕಬೇಕು. ಒಳಗೆ ‘ನನ್’ ಬಂದಿದ್ದರೆ ಅಲ್ಲೇ ಹೊಸ ಲಿಸ್ಟ್ ಮಾಡಿಕೊಳ್ಳಬೇಕು. ಮಾಡಿದೆ. 96, 96, 96.

ಆದರೆ ಮೊದಲ ಮೀಟರ್‌ನ ಲಿಸ್ಟ್ ತಾನಾಗಿ ಬೆಳೆದದ್ದು ಮನಸ್ಸಿನಿಂದ ಹೋಗಲಿಲ್ಲ. ಊಟ ಮಾಡುವಾಗಲೂ ಅದೇ.

2004ರ ಲ್ಯಾಬ್ ನೆನಪಾಯಿತು. ಟರ್ಬೊ ಸಿ, ನೀಲಿ ಪರದೆ. ಎ ಮತ್ತು ಬಿ ಅದಲುಬದಲು ಮಾಡುವ ಫಂಕ್ಷನ್. ಒಳಗೆ ಪ್ರಿಂಟ್ ಮಾಡಿದರೆ ಬದಲಾಗಿದೆ, ಹೊರಗೆ ಬಂದರೆ ಹಾಗೇ ಇದೆ. ಆಗ ಮೇಡಂ ಹೇಳಿದ್ದರು: ನೀನು ಕೊಟ್ಟಿದ್ದು ಜೆರಾಕ್ಸ್. ಜೆರಾಕ್ಸ್ ಮೇಲೆ ಗೀಚಿದರೆ ಮೂಲ ಕಾಗದಕ್ಕೆ ಏನಾಗುತ್ತದೆ? ಮೂಲವೇ ಬದಲಾಗಬೇಕಾದರೆ ಅದು ಇರುವ ಮನೆಯ ವಿಳಾಸ ಕೊಡು. ಹಾಗೆ ಪಾಯಿಂಟರ್ ಕಲಿತೆ. ಅಂದಿನಿಂದ ನನ್ನ ಪಾಲಿಗೆ ಎರಡೇ: ಜೆರಾಕ್ಸ್, ಇಲ್ಲವೇ ವಿಳಾಸ. ಅರೇ ಕೊಟ್ಟರೂ ಹೋಗುವುದು ವಿಳಾಸವೇ.

ಪೈಥಾನ್‌ನಲ್ಲಿ ಈ ಎರಡನ್ನೂ ಹುಡುಕುತ್ತಿದ್ದೆ. ಸಂಖ್ಯೆ ಕೊಟ್ಟರೆ ಜೆರಾಕ್ಸ್, ಲಿಸ್ಟ್ ಕೊಟ್ಟರೆ ವಿಳಾಸ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೆ. ಅದು ತಪ್ಪು. ಪುಟ್ಟಿಯ ಪ್ರಕಾರ ಅಲ್ಲಿರುವುದು ವಸ್ತು, ಮತ್ತೆ ಅದಕ್ಕೆ ಹೆಸರುಗಳು. ಫಂಕ್ಷನ್‌ಗೆ ಕೊಟ್ಟಾಗ ಅದೇ ವಸ್ತುವಿಗೆ ಒಳಗೆ ಇನ್ನೊಂದು ಹೆಸರು ಸಿಗುತ್ತದೆ.

ಅಮ್ಮನ ನೆನಪಾಯಿತು. ನನಗೆ ಅವಳು ಅಮ್ಮ. ಪುಟ್ಟಿಗೆ ಅಮ್ಮಮ್ಮ. ಅತ್ತೆಗೆ ಅತ್ತಿಗೆ. ಮಂಡಿ ನೋವು ಬಂದರೆ ಅಮ್ಮನಿಗೆ ಬೇರೆ, ಅತ್ತಿಗೆಗೆ ಬೇರೆ ಅಂತ ಇದೆಯಾ? ಯಾವ ಹೆಸರಿನಿಂದ ಕರೆದರೂ ಅದೇ ಮಂಡಿ. ಲಿಸ್ಟಿಗೆ ಒಂದು ರೀಡಿಂಗ್ ಸೇರಿಸುವುದು ಹಾಗೆ. ಪುಟ್ಟಿಯ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಅಜ್ಜಿಯನ್ನೂ ಹುಡುಗಿಯರು ಅಮ್ಮಮ್ಮ ಅನ್ನುತ್ತಾರೆ. ಅಲ್ಲಿ ಆ ಹೆಸರು ಬೇರೊಬ್ಬರದು. ಅದರಿಂದ ನಮ್ಮ ಅಮ್ಮನಿಗೆ ಏನೂ ಆಗುವುದಿಲ್ಲ. ಫಂಕ್ಷನ್ ಒಳಗೆ ಅದೇ ಹೆಸರಿಗೆ ಹೊಸದೇನನ್ನೋ ಈಕ್ವಲ್ಸ್ ಹಾಕಿ ಕೊಟ್ಟರೆ ಆಗುವುದು ಇಷ್ಟೇ. ಸಂಖ್ಯೆಗೂ ಇದೇ ನಿಯಮ. ಸಂಖ್ಯೆಯನ್ನು ಒಳಗಿಂದ ತಿದ್ದಲು ಬರುವುದಿಲ್ಲ, ಹೆಸರನ್ನು ಬೇರೆ ಸಂಖ್ಯೆಗೆ ಇಡಬಹುದು ಅಷ್ಟೇ. ಅದಕ್ಕೇ ಅದು ಜೆರಾಕ್ಸ್ ತರಹ ಕಂಡದ್ದು.

ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದು ಹಾಕಿದೆ.

ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಲಗಿರಬೇಕು. ಭಾನುವಾರ ಹೋಗಿ ಬರಬೇಕು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮಂಡಿ ತೋರಿಸಬೇಕು. ಬರುವುದಿಲ್ಲ ಅನ್ನುತ್ತಾಳೆ. ಈ ಸಲ ಕೇಳುವುದಿಲ್ಲ.

ಈಗ 11 ಗಂಟೆ. ಪುಟ್ಟಿಯ ಮೆಸೇಜ್ ಬಂದಿದೆ. ಎಂಟು ಸಾಲಿನ ಕೋಡ್. ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಮಾಡಿ ಅದನ್ನೇ ರಿಟರ್ನ್ ಮಾಡಿದ್ದಾಳೆ. ಹೊರಗಿನ ಫಂಕ್ಷನ್ ಮುಗಿದೇ ಹೋಗಿದೆ. ಒಳಗಿನದನ್ನು ಆಮೇಲೆ ಕರೆದರೂ ಹೊರಗಿನದರ ಎಣಿಕೆ ಸರಿಯಾಗಿ ಮುಂದುವರಿಯುತ್ತದೆ. ನಾನೇ ಓಡಿಸಿ ನೋಡಿದೆ. 1, 2, 3.

ಸಿ ಯಲ್ಲಿ ಫಂಕ್ಷನ್ ಮುಗಿದರೆ ಅದರ ಒಳಗಿನ ಲೋಕಲ್ ವೇರಿಯೇಬಲ್ ಮುಗಿಯಿತು, ಸ್ಟ್ಯಾಕ್‌ನಲ್ಲಿ (ಫಂಕ್ಷನ್ ಓಡುವಷ್ಟು ಹೊತ್ತು ಮಾತ್ರ ಸಿಗುವ ಮೆಮೊರಿಯಲ್ಲಿ) ಆ ಜಾಗ ಬೇರೆಯವರ ಪಾಲು. ಇದನ್ನು ಮರೆತು ಲೋಕಲ್ ವೇರಿಯೇಬಲ್‌ನ ವಿಳಾಸ ರಿಟರ್ನ್ ಮಾಡಿ 2011ರಲ್ಲಿ ಎರಡು ರಾತ್ರಿ ಕಳೆದಿದ್ದೆ. ಆ ತಪ್ಪನ್ನು ಮತ್ತೆಂದೂ ಮಾಡಿಲ್ಲ. ಇಲ್ಲಿ ನೋಡಿದರೆ ಆ ನಿಯಮಕ್ಕೆ ಹೊಂದುತ್ತಿಲ್ಲ. ಸ್ಟ್ಯಾಕ್‌ನಲ್ಲಿ ಇಲ್ಲ ಅಂದಮೇಲೆ ಈ ಎಣಿಕೆ ಇರುವುದು ಎಲ್ಲಿ? ಡಿಫಾಲ್ಟ್ ಲಿಸ್ಟಿನ ಹಾಗೆ ಇದೂ ಫಂಕ್ಷನ್‌ಗೇ ಅಂಟಿಕೊಂಡಿದೆಯಾ? ಹಾಗಿದ್ದರೆ ಅದನ್ನೂ ಪ್ರಿಂಟ್ ಮಾಡಿ ನೋಡಲು ಬರಬೇಕು, ಎರಡೆರಡು ಅಂಡರ್‌ಸ್ಕೋರ್ ಹಾಕಿ…