ಡಿಸ್‌ಕ್ವಾಲಿಫೈ: ಫ್ರಮ್ ಎಲ್ಲಿ, ಫಾರ್ ಎಲ್ಲಿ?

ಕಾರವಾರ, ಅಂಕೋಲಾ ಕಡೆಯ ವಾಲಿಬಾಲ್, ಕಬಡ್ಡಿ ಪಂದ್ಯಾವಳಿಗೆ ಗೋವೆಯ ತಂಡಗಳನ್ನೂ ಕರೆಯುವುದಾದರೆ ನಿಯಮಾವಳಿಯನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಬೇಕಾಗುತ್ತದೆ. ಆಗ ಎಡವುವ ಕ್ರಿಯಾಪದ ಡಿಸ್‌ಕ್ವಾಲಿಫೈ. 'ಲೇಟ್ ಟೀಮ್ಸ್ ವಿಲ್ ಬಿ ಡಿಸ್‌ಕ್ವಾಲಿಫೈ' ಎಂದೋ, 'ಡಿಸ್‌ಕ್ವಾಲಿಫೈಡ್ ಟು ಪ್ಲೇ' ಎಂದೋ ಬರೆದುಬಿಡುತ್ತಾರೆ. ಅರ್ಥ ಎಲ್ಲರಿಗೂ ಗೊತ್ತು. ಅದರ ಹಿಂದೆಮುಂದೆ ಬರುವ ಪುಟ್ಟ ಪದಗಳೇ ಕೈಕೊಡುವುದು.

ರೂಪದ ವಿಷಯ ಬೇಗ ಮುಗಿಸೋಣ. ಇದು ಸಕರ್ಮಕ, ಬಳಕೆ ಹೆಚ್ಚಾಗಿ ಕರ್ಮಣಿಯಲ್ಲಿ. 'ವಿಲ್ ಬಿ' ಬಂದ ಮೇಲೆ ಡಿಸ್‌ಕ್ವಾಲಿಫೈಡ್ ಎಂದೇ ಆಗಬೇಕು. ಬರೆಯುವಾಗ ಕೊನೆಯ 'ವೈ' ಹೋಗಿ 'ಐಇಡಿ' ಬರುತ್ತದೆ. 'ಐಎನ್‌ಜಿ' ಸೇರಿಸುವಾಗ ಮಾತ್ರ 'ವೈ' ಹಾಗೇ ಉಳಿಯುತ್ತದೆ. ಉಚ್ಚಾರದಲ್ಲಿ ಒತ್ತು 'ಕ್ವಾ' ಮೇಲೆ. ನಾಮಪದ ಡಿಸ್‌ಕ್ವಾಲಿಫಿಕೇಶನ್‌ನಲ್ಲಿ ಅದು 'ಕೇ'ಗೆ ಸರಿಯುತ್ತದೆ.

ಯಾವುದರಿಂದ ಹೊರಗೆ ಎಂಬುದಕ್ಕೆ ಫ್ರಮ್, ಯಾವ ಕಾರಣಕ್ಕೆ ಎಂಬುದಕ್ಕೆ ಫಾರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆಜಿ ಕುಸ್ತಿಯಲ್ಲಿ ಫೈನಲ್ ದಿನ ಬೆಳಗ್ಗೆ ವಿನೇಶ್ ಫೋಗಟ್ ತೂಕ 100 ಗ್ರಾಂ ಹೆಚ್ಚು ಬಂತಲ್ಲ, ಅದನ್ನು ಹೀಗೆ ಬರೆಯಬೇಕು: 'ಶಿ ವಾಸ್ ಡಿಸ್‌ಕ್ವಾಲಿಫೈಡ್ ಫ್ರಮ್ ದ ಫೈನಲ್ ಫಾರ್ ಬೀಯಿಂಗ್ 100 ಗ್ರಾಮ್ಸ್ ಓವರ್‌ವೇಟ್.' ಈ ಎರಡರ ನಂತರವೂ ಕ್ರಿಯಾಪದ ಬಂದರೆ ಅದಕ್ಕೆ 'ಐಎನ್‌ಜಿ' ಬೇಕು. 'ಟು ಪ್ಲೇ' ಬರುವುದಿಲ್ಲ, 'ಫ್ರಮ್ ಪ್ಲೇಯಿಂಗ್' ಬರುತ್ತದೆ. 'ಕ್ವಾಲಿಫೈಡ್ ಟು ಪ್ಲೇ' ಸರಿಯೇ ಇದೆ. ಅದರ ಹಿಂದೆ 'ಡಿಸ್' ಅಂಟಿಸಿದರೆ ಸಾಕು ಎಂದುಕೊಳ್ಳುವುದರಿಂದ ಈ ತಪ್ಪು.

ಫಾರ್‌ಗೆ ಇನ್ನೊಂದು ಕೆಲಸವಿದೆ, ಅವಧಿ ಹೇಳುವುದು. ಬ್ರಿಟನ್ನಿನಲ್ಲಿ ಕುಡಿದು ಗಾಡಿ ಓಡಿಸಿದವರು 'ಡಿಸ್‌ಕ್ವಾಲಿಫೈಡ್ ಫ್ರಮ್ ಡ್ರೈವಿಂಗ್ ಫಾರ್ 12 ಮಂತ್ಸ್' ಆಗುತ್ತಾರೆ. ಶಿಕ್ಷೆಯಾದವರ ಅನರ್ಹತೆ ಹೇಳುವ ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಮಿನಲ್ಲೂ ಜೈಲಿನಿಂದ ಬಿಡುಗಡೆಯಾದ ಮೇಲಿನ ಆರು ವರ್ಷಕ್ಕೆ ಇದೇ ಫಾರ್.

ಇಷ್ಟು ಕಲಿತವರು ಶಾಸಕರ ಅನರ್ಹತೆ ಕುರಿತ ಸಂವಿಧಾನದ 191ನೇ ವಿಧಿ ತೆರೆದರೆ ತಬ್ಬಿಬ್ಬಾಗುತ್ತಾರೆ. ಅಲ್ಲಿರುವುದು 'ಡಿಸ್‌ಕ್ವಾಲಿಫೈಡ್ ಫಾರ್ ಬೀಯಿಂಗ್ ಚೋಸನ್ ಆ್ಯಸ್, ಆ್ಯಂಡ್ ಫಾರ್ ಬೀಯಿಂಗ್, ಎ ಮೆಂಬರ್'. ಆರಿಸಿ ಬಂದ ಕಾರಣಕ್ಕೆ ಅನರ್ಹ ಎಂದು ಓದಿಕೊಂಡರೆ ಕೆಟ್ಟಿತು. ಕಾನೂನಿನ ಹಳೆಯ ಶೈಲಿಯಲ್ಲಿ ಈ ಫಾರ್ ಎಂದರೆ ಫ್ರಮ್. ಸಂಸದರ ಕುರಿತ 102ನೇ ವಿಧಿಯಲ್ಲೂ ಹೀಗೇ ಇದೆ. ಉಲ್ಲೇಖಿಸುವಾಗ ಅಕ್ಷರ ಬದಲಿಸಬೇಡಿ. ಸ್ವಂತ ವಾಕ್ಯದಲ್ಲಿ ಮಾತ್ರ ಫ್ರಮ್ ಬಳಸಿ. ಯಾವ ಕಾನೂನಿನ ಕೆಳಗೆ ಎಂಬುದಕ್ಕೆ ಅಂಡರ್, ಆದೇಶ ಕೊಟ್ಟವರಿಗೆ ಬೈ. 'ಡಿಸ್‌ಕ್ವಾಲಿಫೈಡ್ ಬೈ ದ ಟೂರ್ನಮೆಂಟ್' ಎಂದರೆ ಪಂದ್ಯಾವಳಿಯೇ ತೀರ್ಪು ಕೊಟ್ಟಂತಾಗುತ್ತದೆ.

ಕರ್ತೃ ಮನುಷ್ಯನೇ ಆಗಬೇಕೆಂದಿಲ್ಲ. 'ಹಿಸ್ ಏಜ್ ಡಿಸ್‌ಕ್ವಾಲಿಫೈಸ್ ಹಿಮ್' ಎಂಬುದು ಚೊಕ್ಕ ಇಂಗ್ಲಿಷ್. ಅಲ್ಲಿ ಯಾರ ಆದೇಶವೂ ಇಲ್ಲ, ವಯಸ್ಸೇ ತಡೆ.

ಇದರ ನೆರೆಹೊರೆಯ ಪದಗಳಿಗೆ ಯಲ್ಲಾಪುರ ಕ್ಷೇತ್ರಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. 2019ರ ಜುಲೈ 28ರಂದು ಸ್ಪೀಕರ್ ಆದೇಶದಿಂದ ಅನರ್ಹರಾದ ಶಾಸಕರಲ್ಲಿ ಶಿವರಾಮ ಹೆಬ್ಬಾರ್ ಒಬ್ಬರು. ಇಲ್ಲಿ ಕ್ರಿಯಾಪದ ಡಿಸ್‌ಕ್ವಾಲಿಫೈ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಆ ಭಾಗಕ್ಕೆ ಇಂಗ್ಲಿಷಿನಲ್ಲಿ ಬಾರ್. ಡಿಸೆಂಬರ್ 5ರ ಉಪಚುನಾವಣೆಗೆ ಅವರು ನಿಂತು ಗೆದ್ದದ್ದು ಹೀಗೆ. ಡಿಸ್‌ಕ್ವಾಲಿಫೈಡ್ ಆದವರು ಬಾರ್ಡ್ ಆಗಿರಲಿಲ್ಲ. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಆರು ವರ್ಷ ಉಚ್ಚಾಟಿಸಿತು. ಅದು ಎಕ್ಸ್‌ಪೆಲ್, ಪಕ್ಷ ಮಾಡುವ ಕೆಲಸ. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗುವುದಿಲ್ಲ.

ಶಿರಸಿ ಕಡೆ ಸಹಕಾರಿ ಸಂಘಗಳ ಚುನಾವಣೆ ಬಂದಾಗ ಅನರ್ಹ ಮತದಾರರ ಪಟ್ಟಿಯದೇ ಮಾತು. ಇಂಗ್ಲಿಷಿಗೆ ಅದು ಇನ್‌ಎಲಿಜಿಬಲ್ ವೋಟರ್ಸ್. ಷರತ್ತು ಪೂರೈಸದವ ಇನ್‌ಎಲಿಜಿಬಲ್. ಒಳಗಿದ್ದವನನ್ನು ನಿಯಮವೋ ಅಧಿಕಾರಿಯೋ ಹೊರಹಾಕಿದರೆ ಡಿಸ್‌ಕ್ವಾಲಿಫೈಡ್. ಕನ್ನಡದ 'ಅನರ್ಹ' ಎರಡನ್ನೂ ಹೊತ್ತುಕೊಳ್ಳುವುದರಿಂದ ಅನುವಾದ ಮಾಡುವವರು ಒಂದರೆಕ್ಷಣ ನಿಲ್ಲಬೇಕು. ಓದೇ ಸಾಲದವ ಅನ್‌ಕ್ವಾಲಿಫೈಡ್. ನಾಮಪತ್ರವಾದರೆ ರಿಜೆಕ್ಟೆಡ್, ಕಾಪಿ ಹೊಡೆದು ಮುಂದಿನ ಪರೀಕ್ಷೆಗೆ ಕೂರದಂತಾದವ ಡಿಬಾರ್ಡ್. ಸೋತ ತಂಡ ಎಲಿಮಿನೇಟೆಡ್ ಅಷ್ಟೇ, ಅದಕ್ಕೆ ಡಿಸ್‌ಕ್ವಾಲಿಫೈಡ್ ಎಂದರೆ ಅವಮಾನ.

ಓಟದ ಫಲಿತಾಂಶ ಪಟ್ಟಿಯಲ್ಲಿ ಇದೇ ಪದ 'ಡಿಕ್ಯೂ' ಎಂದು ಮೊಟಕಾಗುತ್ತದೆ. ಓಡಲು ಬರದವರಿಗೆ 'ಡಿಎನ್‌ಎಸ್', ನಡುವೆ ಬಿಟ್ಟವರಿಗೆ 'ಡಿಎನ್‌ಎಫ್'; ಮೂರನ್ನೂ ಕಲಸಬಾರದು. ಡಿಕ್ಯೂ ಬರೆದರೆ ಪಕ್ಕದಲ್ಲಿ ಯಾವ ನಿಯಮ ಮುರಿದದ್ದು ಎಂದು ಅದರ ಸಂಖ್ಯೆಯನ್ನೂ ಕಾಣಿಸಬೇಕು, ವರ್ಲ್ಡ್ ಅಥ್ಲೆಟಿಕ್ಸ್ ನಿಯಮಾವಳಿ ಹಾಗೆ ಹೇಳುತ್ತದೆ. ಆ ಸುತ್ತಿನಲ್ಲಿ ಅಲ್ಲಿಯವರೆಗೆ ಮಾಡಿದ್ದು ಲೆಕ್ಕಕ್ಕಿಲ್ಲ. ಹಿಂದಿನ ಸುತ್ತಿನದು ಉಳಿಯುತ್ತದೆ.