ಹೊಸ ಬ್ಯಾಟರಿ ಹಾಕಿದರೂ ಬರೀ ‘ಟಕ್’

ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅವರು ಆಗಲೇ ಕಾರಿನಲ್ಲಿ ಕೂತು, ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕೀ ತಿರುಗಿಸಿದೆ. ‘ಟಕ್’ ಅಂತ ಒಂದೇ ಸದ್ದು. ಸೆಲ್ಫ್, ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರು, ತಿರುಗಲೇ ಇಲ್ಲ. ಮತ್ತೆ ತಿರುಗಿಸಿದೆ, ಮತ್ತೆ ಅದೇ.

ನನಗೆ ತುಂಬಾ ಸಿಟ್ಟು ಬಂತು. ಇದೇ ತೊಂದರೆಗೆ ಅಂತ ಮೂರು ವಾರದ ಹಿಂದಷ್ಟೇ ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿಸಿದ್ದೆ. ಹಳೆಯದನ್ನು ಅವರು ಅಳೆದು ನೋಡಿರಲಿಲ್ಲ. ‘ಬ್ಯಾಟರಿ ಹೋಗಿದೆ’ ಅಂದರು, ಬದಲಾಯಿಸಿದರು. ಅಳೆಯದೆ ಹಾಗೆ ಹೇಳೋದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಡಾಕ್ಟರಿಗೆ ಫೋನ್ ಮಾಡಿ ಮರುದಿನಕ್ಕೆ ಸಮಯ ಕೇಳಿದೆ. ಆಮೇಲೆ ಬಾನೆಟ್ ಎತ್ತಿ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್ ತೋರಿಸಿತು. ಅಂದರೆ ಫುಲ್ ಚಾರ್ಜ್. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಅಪ್ಪನನ್ನು ಡ್ರೈವರ್ ಸೀಟಿಗೆ ಕೂರಿಸಿದೆ.

“ಅಪ್ಪಾ, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ.”

‘ಟಕ್’ ಅಂತು. ಆದರೆ ಲೈಟು ಒಂಚೂರೂ ಮಂಕಾಗಲಿಲ್ಲ. ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಬ್ಯಾಟರಿ ಸೋತಿದ್ದರೆ ಕೀ ತಿರುಗಿಸಿದ ಕೂಡಲೇ ಲೈಟು ಕುಗ್ಗಬೇಕು. ಕುಗ್ಗಿಲ್ಲ ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಸೆಲ್ಫಿಗೆ ತಲುಪುತ್ತಿಲ್ಲ, ಇಲ್ಲವೇ ಸೆಲ್ಫೇ ಕೆಟ್ಟಿರಬೇಕು.

ಕರೆಂಟು ಹೋದರೆ ಸಾಲದು, ವಾಪಸ್ಸೂ ಬರಬೇಕು ಅಲ್ವಾ. ಸೆಲ್ಫಿಂದ ಎಂಜಿನ್ನಿನ ಲೋಹಕ್ಕೆ, ಅಲ್ಲಿಂದ ಅರ್ಥ್ ವೈರಿನಲ್ಲಿ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ನೆಗೆಟಿವ್‌ಗೆ. ಮೊದಲು ಮೀಟರನ್ನು ಬೀಪ್ ಮೋಡಿಗೆ (ದಾರಿ ಕಡಿದಿಲ್ಲ ಅಂದರೆ ಸದ್ದು ಮಾಡುತ್ತದೆ) ಹಾಕಿ ಆ ದಾರಿ ನೋಡಿದೆ. ಬೀಪ್ ಅಂತು. ಆದರೆ ಈ ಬೀಪನ್ನು ನಂಬುವಂತಿಲ್ಲ. ಮೀಟರ್ ಕಳಿಸುವುದು ಅತಿ ಸಣ್ಣ ಕರೆಂಟು. ವೈರಿನಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಅದು ದಾಟಿಬಿಡುತ್ತದೆ. ಸೆಲ್ಫಿಗೆ ಬೇಕಾಗೋದು 100 ಆಂಪಿಗಿಂತ ಜಾಸ್ತಿ. ಹಾಗಾಗಿ ಸೆಲ್ಫ್ ಹೊಡೆಯುವಾಗಲೇ ಅಳೆಯಬೇಕು.

ಮೀಟರನ್ನು ಮತ್ತೆ ವೋಲ್ಟಿಗೆ ಹಾಕಿದೆ. ಅದರ ಒಂದು ಪ್ರೋಬ್ (ಮುಟ್ಟಿಸುವ ಕಡ್ಡಿ) ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ನಿನ ಪೇಂಟಿಲ್ಲದ ಲೋಹದ ಮೇಲೆ. ಅಪ್ಪ ಕೀ ತಿರುಗಿಸಿದರು. ಅರ್ಧ ವೋಲ್ಟೂ ದಾಟಬಾರದ ಕಡೆ 7 ವೋಲ್ಟ್ ಬಂತು! ಅಷ್ಟೂ ವಾಪಸ್ ದಾರಿಯಲ್ಲೇ ನಷ್ಟ.

ಜಂಪ್ ಕೇಬಲ್ ಅನ್ನೋ ಕ್ಲಿಪ್ ಇರುವ ದಪ್ಪ ವೈರ್ ತಂದು ಬ್ಯಾಟರಿಯ ನೆಗೆಟಿವ್‌ನಿಂದ ನೇರ ಎಂಜಿನ್ನಿಗೆ ಕಚ್ಚಿಸಿದೆ. ಕೀ ತಿರುಗಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಯಿತು. ಅಪ್ಪ ಒಳಗಿಂದಲೇ ಚಪ್ಪಾಳೆ ತಟ್ಟಿದರು.

ಎಂಜಿನ್ ಆಫ್ ಮಾಡಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ, ಅರ್ಥ್ ವೈರ್ ಹೊರತೆಗೆದೆ. ಮೇಲಿನಿಂದ ನೋಡಿದರೆ ಚೆನ್ನಾಗೇ ಇತ್ತು. ಬೋಲ್ಟಿನ ಹತ್ತಿರ ಪ್ಲಾಸ್ಟಿಕ್ ಸೀಳಿದರೆ ಒಳಗೆ ಹಸಿರು ಪುಡಿ, ತಾಮ್ರದ ಎಳೆ ಬಹುಪಾಲು ತಿಂದುಹೋಗಿತ್ತು. ಪಾಪ, ಹಳೆ ಬ್ಯಾಟರಿಯದು ಏನೂ ತಪ್ಪಿರಲಿಲ್ಲ.

ಅಷ್ಟೇ ದಪ್ಪದ ಹೊಸ ವೈರ್ ತಂದೆ. ಎರಡೂ ಕಡೆ ತುಕ್ಕು, ಪೇಂಟು ಹೋಗುವಂತೆ ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದೆ. ಮತ್ತೆ ಅದೇ ಜಾಗದಲ್ಲಿ ಪ್ರೋಬ್ ಇಟ್ಟೆ. ಸೆಲ್ಫ್ ಹೊಡೆಯುವಾಗ ಈಗ 0.1 ವೋಲ್ಟ್.

“ಇನ್ನೊಂದ್ಸಲ ತಿರುಗಿಸ್ಲಾ?” ಅಂದರು ಅಪ್ಪ.

“ತಿರುಗಿಸಿ ಅಪ್ಪಾ,” ಅಂದೆ.